ಎಳನೀರು ಎಲ್ಲರಿಗೂ ಒಳ್ಳೆಯದೇ?
ಕಿಡ್ನಿ ಕಾಯಿಲೆ ಇರುವವರ ಊಟದ ವಿಚಾರ

ಜ್ವರ ಬಂದರೆ ಎಳನೀರು ಕುಡಿಸುತ್ತೇವೆ. ಬಿಸಿಲಲ್ಲಿ ದುಡಿದು ಬಂದವರಿಗೆ ಎಳನೀರು ಕೊಡುತ್ತೇವೆ. ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದರೆ ಬರಿಗೈಯಲ್ಲಿ ಹೋಗುವುದಿಲ್ಲ. ಎರಡು ಎಳನೀರು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋಗುತ್ತೇವೆ. ಮೈಯಲ್ಲಿ ರಕ್ತ ಕಡಿಮೆ ಎಂದರೆ ಸೊಪ್ಪಿನ ಸಾರು ಮಾಡಿ ಬಡಿಸುತ್ತೇವೆ.

ಇದು ನಮ್ಮ ರೂಢಿ. ಪ್ರೀತಿಯ ರೂಢಿ. ಬಹಳ ಜನಕ್ಕೆ ಇದರಿಂದ ಒಳ್ಳೆಯದೇ ಆಗುತ್ತೆ.

ಆದರೆ ಒಂದು ಕಾಯಿಲೆ ಇದೆ. ಅದು ಬಲಿತವರಿಗೆ ಇದೇ ಎಳನೀರು, ಇದೇ ಬಾಳೆಹಣ್ಣು, ಇದೇ ಸೊಪ್ಪಿನ ಸಾರು ಜೀವಕ್ಕೆ ಅಪಾಯ ತರಬಹುದು. ಅದು ಮೂತ್ರಪಿಂಡದ ಕಾಯಿಲೆ. ಮಾತಿನಲ್ಲಿ ನಾವು ಕಿಡ್ನಿ ಕಾಯಿಲೆ ಅಂತೀವಿ.

ಒಳ್ಳೆಯ ಆಹಾರ ಹೇಗೆ ಕೆಟ್ಟದ್ದು ಮಾಡುತ್ತೆ? ಯಾರಿಗೆ ಮಾಡುತ್ತೆ? ಅಡುಗೆ ಮಾಡುವ ನಾವು ಏನು ಮಾಡಬೇಕು? ಬನ್ನಿ, ಒಂದೊಂದಾಗಿ ತಿಳಿಯೋಣ.

ಕಿಡ್ನಿಯ ಕೆಲಸ ಏನು?

ನಮ್ಮ ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಭಾಗದಲ್ಲಿ ಎರಡು ಕಿಡ್ನಿಗಳಿವೆ. ಬೆನ್ನುಮೂಳೆಯ ಆ ಕಡೆ ಒಂದು, ಈ ಕಡೆ ಒಂದು. ಒಂದೊಂದೂ ನಮ್ಮ ಮುಷ್ಟಿಯಷ್ಟು ದೊಡ್ಡದು. ಕಾಳಿನ ಹಾಗೆ ಬಾಗಿದ ಆಕಾರ.

ಕಿಡ್ನಿ ನಮ್ಮ ಮೈಯ ಜರಡಿ. ರಕ್ತವನ್ನು ಹಗಲೂ ರಾತ್ರಿ ಸೋಸುತ್ತೆ. ಒಂದು ದಿನಕ್ಕೆ ಸುಮಾರು 180 ಲೀಟರಿನಷ್ಟು ನೀರನ್ನು ಸೋಸುತ್ತೆ. ಬೇಕಾದ್ದನ್ನೆಲ್ಲ ಮತ್ತೆ ರಕ್ತಕ್ಕೆ ಬಿಡುತ್ತೆ. ಬೇಡದ ಕಸ, ಹೆಚ್ಚಾದ ನೀರು, ಹೆಚ್ಚಾದ ಲವಣ ಇವನ್ನು ಮೂತ್ರವಾಗಿ ಹೊರಗೆ ಹಾಕುತ್ತೆ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ಅಂದರೆ ಬಿ.ಪಿ., ಈ ಎರಡರಿಂದಲೇ ಬಹಳ ಜನರ ಕಿಡ್ನಿ ಹಾಳಾಗುತ್ತೆ. ಕೇಳದೆ ಕಾಣದೆ ಬಹಳ ದಿನ ನೋವಿನ ಮಾತ್ರೆ ನುಂಗಿದರೂ ಹಾಳಾಗುತ್ತೆ. ಕಲ್ಲು ಕಟ್ಟಿಕೊಂಡು ಮೂತ್ರ ತಡೆದರೂ ಹಾಳಾಗುತ್ತೆ.

ಇದು ಸದ್ದಿಲ್ಲದೆ ಬರುವ ಕಾಯಿಲೆ. ಕಿಡ್ನಿಯ ಶಕ್ತಿ ಅರ್ಧಕ್ಕಿಂತ ಹೆಚ್ಚು ಹೋದ ಮೇಲೂ ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವರ್ಷಕ್ಕೆ ಒಮ್ಮೆಯಾದರೂ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕು.

ಪೊಟ್ಯಾಸಿಯಂ ಅಂದರೆ ಏನು?

ಹೊಲಕ್ಕೆ ಪೊಟ್ಯಾಷ್ ಗೊಬ್ಬರ ಹಾಕುವುದು ನಮಗೆ ಗೊತ್ತು. ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುವುದೂ ಗೊತ್ತು. ಈ ಎರಡರಲ್ಲೂ ಇರುವ ಲವಣದ ಸತ್ವವೇ ಪೊಟ್ಯಾಸಿಯಂ.

ಗಿಡ ಇದನ್ನು ಮಣ್ಣಿನಿಂದ ಹೀರುತ್ತೆ. ಎಲೆ, ಕಾಯಿ, ಹಣ್ಣು, ಗೆಡ್ಡೆ, ಕಾಳು ಎಲ್ಲದರಲ್ಲೂ ತುಂಬಿಕೊಳ್ಳುತ್ತೆ. ಅದನ್ನು ತಿಂದ ನಮಗೂ ಪೊಟ್ಯಾಸಿಯಂ ಸಿಗುತ್ತೆ.

ನಮಗೆ ಇದು ಬೇಕೇ ಬೇಕು. ಕೈಕಾಲಿನ ಮಾಂಸಖಂಡ ಬಿಗಿಯಲು, ಸಡಿಲಾಗಲು ಇದು ಬೇಕು. ಹೃದಯ ತಾಳ ತಪ್ಪದೆ ಬಡಿಯಲು ಇದು ಬೇಕು.

ಆದರೆ ರಕ್ತದಲ್ಲಿ ಇದು ಅಳತೆಯಲ್ಲೇ ಇರಬೇಕು. ತುಂಬ ಕಡಿಮೆಯಾದರೂ ಹೃದಯದ ತಾಳ ತಪ್ಪುತ್ತೆ. ತುಂಬ ಹೆಚ್ಚಾದರೂ ತಪ್ಪುತ್ತೆ. ಬಹಳ ಹೆಚ್ಚಾದರೆ ಹೃದಯ ನಿಂತೇ ಹೋಗಬಹುದು.

ಈ ಅಳತೆ ಕಾಯುವುದು ಯಾರು? ಕಿಡ್ನಿ. ನಾವು ತಿಂದ ಪೊಟ್ಯಾಸಿಯಂನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮೂತ್ರದಲ್ಲೇ ಹೊರಗೆ ಹೋಗುತ್ತೆ. ಉಳಿದದ್ದು ಮಲದಲ್ಲಿ ಹೋಗುತ್ತೆ.

ಬಚ್ಚಲಮನೆಯನ್ನೇ ನೆನೆಸಿಕೊಳ್ಳಿ. ಮೋರಿ ಸರಿಯಾಗಿದ್ದರೆ ಎಷ್ಟು ಬಿಂದಿಗೆ ನೀರು ಹುಯ್ದರೂ ಹರಿದು ಹೋಗುತ್ತೆ. ಮೋರಿ ಕಟ್ಟಿಕೊಂಡರೆ? ನಾಲ್ಕು ಚೊಂಬು ನೀರಿಗೇ ಬಚ್ಚಲು ತುಂಬಿ ನಿಲ್ಲುತ್ತೆ. ಆಗ ನೀರು ಕೆಟ್ಟದ್ದು ಅಂತ ಅಲ್ಲ. ಹೋಗಲು ದಾರಿ ಇಲ್ಲ.

ಕಿಡ್ನಿ ಸೋತವರ ಮೈಯಲ್ಲಿ ಪೊಟ್ಯಾಸಿಯಂ ಹೀಗೇ ನಿಲ್ಲುತ್ತೆ. ಎಳನೀರು ಕೆಟ್ಟದ್ದಲ್ಲ. ಅದರ ಪೊಟ್ಯಾಸಿಯಂ ಹೊರಗೆ ಹೋಗಲು ದಾರಿ ಇಲ್ಲ, ಅಷ್ಟೆ.

ಕಿಡ್ನಿ ಕಾಯಿಲೆ ಇರುವ ಎಲ್ಲರಿಗೂ ಈ ಪಥ್ಯ ಬೇಕೇ?

ಬೇಡ. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ.

ಕಾಯಿಲೆ ಈಗ ತಾನೇ ಶುರುವಾಗಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗಿದ್ದರೆ, ಹಣ್ಣು ತರಕಾರಿ ಬಿಡಬೇಕಾಗಿಲ್ಲ. ಅಂಥವರಿಗೆ ಹಣ್ಣು ತರಕಾರಿ ಒಳ್ಳೆಯದು. ಬಿ.ಪಿ. ಹತೋಟಿಗೂ ನೆರವಾಗುತ್ತೆ, ಮಲಬದ್ಧತೆಯೂ ಆಗುವುದಿಲ್ಲ.

ಕೆಲವರಿಗೆ ಪೊಟ್ಯಾಸಿಯಂ ಕಡಿಮೆಯೂ ಆಗಿರುತ್ತೆ. ವಾಂತಿ ಭೇದಿ ಆದಾಗ ಆಗುತ್ತೆ. ಹೆಚ್ಚು ಮೂತ್ರ ಹೋಗಿಸುವ ಕೆಲವು ಮಾತ್ರೆಗಳಿಂದಲೂ ಆಗುತ್ತೆ. ಅವರಿಗೆ ಪಥ್ಯ ಮಾಡಿಸಿದರೆ ಅದೇ ತೊಂದರೆ.

"ಪಕ್ಕದ ಮನೆಯವರಿಗೆ ಡಾಕ್ಟರು ಬಾಳೆಹಣ್ಣು ಬೇಡ ಅಂದರಂತೆ. ನಮ್ಮ ಮನೆಯವರಿಗೂ ಬೇಡ." ಹೀಗೆ ಮಾಡಬಾರದು. ಹೆದರಿಕೊಂಡು ಎಲ್ಲವನ್ನೂ ಬಿಟ್ಟು ಬರೀ ಅನ್ನ, ಗಂಜಿ ತಿಂದು ಸೊರಗಿದವರೂ ಇದ್ದಾರೆ. ಸೊರಗಿದ ಮೈ ಕಾಯಿಲೆಯನ್ನು ತಡೆಯುವುದಿಲ್ಲ.

ಹಾಗಾದರೆ ಗೊತ್ತಾಗುವುದು ಹೇಗೆ? ರಕ್ತ ಪರೀಕ್ಷೆಯಿಂದ ಮಾತ್ರ.

ರಕ್ತದ ಚೀಟಿ ಓದೋಣ

ನಾವು ಅಕ್ಷರ ಕಲಿತಿದ್ದೇವೆ. ಅಂಕಿ ಕಲಿತಿದ್ದೇವೆ. ಅದು ಇಲ್ಲಿ ಕೆಲಸಕ್ಕೆ ಬರುತ್ತೆ.

ರಕ್ತ ಪರೀಕ್ಷೆಯ ಚೀಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತೆ. ಹೆದರಬೇಡಿ. "ಪೊಟ್ಯಾಸಿಯಂ ಯಾವ ಸಾಲಿನಲ್ಲಿದೆ, ತೋರಿಸಿ ಅಕ್ಕ" ಎಂದು ನರ್ಸಮ್ಮನನ್ನು ಕೇಳಿ. ಆ ಸಾಲಿನ ಕೆಳಗೆ ಒಂದು ಗೆರೆ ಎಳೆಸಿಕೊಳ್ಳಿ. ಅದರ ಮುಂದಿನ ಅಂಕಿಯನ್ನು ನಾವೇ ಓದಬಹುದು.

3.5 ರಿಂದ 5.0 ಒಳಗೆ ಇದ್ದರೆ ಸಾಮಾನ್ಯವಾಗಿ ಸರಿ.
5.0 ದಾಟಿದರೆ ಎಚ್ಚರ ಬೇಕು. ಊಟ, ಮಾತ್ರೆ ಎರಡನ್ನೂ ಡಾಕ್ಟರ ಜೊತೆ ಮಾತಾಡಿ.
5.5 ದಾಟಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.
6.0 ದಾಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಳೆ ಎನ್ನಬಾರದು.

ಚುಕ್ಕಿಯನ್ನು ಮರೆಯಬೇಡಿ. 5.2 ಎಂದರೆ ಐದು ಪಾಯಿಂಟ್ ಎರಡು. ಐವತ್ತೆರಡು ಅಲ್ಲ. ಅಂಕಿ ಚಿಕ್ಕದು ಅಂತ ಸಸಾರ ಮಾಡಬೇಡಿ. 4.5ಕ್ಕೂ 6.5ಕ್ಕೂ ನಡುವೆ ಇರುವುದು ಬರೀ ಎರಡು. ಆದರೆ ಆ ಎರಡರಲ್ಲಿ ಒಂದು ಜೀವ ಇರುತ್ತೆ.

ಒಂದು ನೋಟ್‌ಬುಕ್ ಇಡಿ. ತಾರೀಕು ಬರೆಯಿರಿ. ಪಕ್ಕದಲ್ಲಿ ಪೊಟ್ಯಾಸಿಯಂ ಅಂಕಿ ಬರೆಯಿರಿ. ಆಸ್ಪತ್ರೆಗೆ ಹೋದಾಗಲೆಲ್ಲ ತೋರಿಸಿ. ಹಿಂದಿನ ತಿಂಗಳಿಗಿಂತ ಏರಿದೆಯೋ ಇಳಿದಿದೆಯೋ ಡಾಕ್ಟರಿಗೂ ಬೇಗ ತಿಳಿಯುತ್ತೆ, ನಮಗೂ ತಿಳಿಯುತ್ತೆ.

ಯಾವುದರಲ್ಲಿ ಹೆಚ್ಚು? ಯಾವುದರಲ್ಲಿ ಕಡಿಮೆ?

ಇನ್ನು ಮುಂದೆ ಹೇಳುವುದು ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಎಂದು ಡಾಕ್ಟರು ಹೇಳಿದವರಿಗೆ.

ಪೊಟ್ಯಾಸಿಯಂ ಹೆಚ್ಚು ಇರುವುದು:
ಎಳನೀರು, ಬಾಳೆಹಣ್ಣು, ಹಲಸಿನ ತೊಳೆ, ಸೀಬೆಹಣ್ಣು, ಖರ್ಜೂರ, ಒಣದ್ರಾಕ್ಷಿ, ಹಣ್ಣಿನ ರಸ.
ದಂಟು, ಪಾಲಕ್ ಮೊದಲಾದ ಸೊಪ್ಪುಗಳು. ನುಗ್ಗೆಕಾಯಿ, ನುಗ್ಗೆಸೊಪ್ಪು.
ಆಲೂಗಡ್ಡೆ, ಗೆಣಸು, ಸುವರ್ಣಗೆಡ್ಡೆ, ಬಾಳೆಕಾಯಿ.
ಬೇಳೆ, ಹುರುಳಿ, ಅಲಸಂದೆ, ಕಡಲೆ.
ಹುಣಸೆಹಣ್ಣು, ಬೆಲ್ಲ, ತೆಂಗಿನಕಾಯಿ, ಕಡಲೆಕಾಯಿ.

ಪೊಟ್ಯಾಸಿಯಂ ಕಡಿಮೆ ಇರುವುದು:
ಸೋರೆಕಾಯಿ, ಹೀರೇಕಾಯಿ, ಸೌತೆಕಾಯಿ, ಸೀಮೆಬದನೆ, ಎಲೆಕೋಸು, ಈರುಳ್ಳಿ.
ಸೇಬು, ಅನಾನಸ್.
ಬಿಳಿ ಅಕ್ಕಿಯ ಅನ್ನ, ಅವಲಕ್ಕಿ, ರವೆ.

ಒಂದು ಲೆಕ್ಕ ನೋಡೋಣ. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಒಂದು ತುಂಬಿದ ಎಳನೀರಿನಲ್ಲಿ ಅದಕ್ಕಿಂತ ಹೆಚ್ಚು, 500 ರಿಂದ 700 ಮಿಲಿಗ್ರಾಂವರೆಗೂ ಇರಬಹುದು. ಪೊಟ್ಯಾಸಿಯಂ ಏರಿದವರಿಗೆ ಇಡೀ ದಿನಕ್ಕೆ ಸುಮಾರು 2000 ಮಿಲಿಗ್ರಾಂ ಸಾಕು ಎಂದು ಹೇಳುವುದುಂಟು. ಎರಡು ಎಳನೀರು, ಎರಡು ಬಾಳೆಹಣ್ಣು ಅಂದರೆ ಊಟಕ್ಕೆ ಕೂರುವ ಮುಂಚೆಯೇ ಆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು!

ಎಷ್ಟು ತಿಂದೆವು ಎಂಬುದೂ ಮುಖ್ಯ. ಒಂದು ಹೋಳು ಮಾವಿನಹಣ್ಣು ಬೇರೆ. ಮೂರು ಹಣ್ಣು ಬೇರೆ. ಕಡಿಮೆ ಇರುವ ಪಟ್ಟಿಯದ್ದೇ ಆದರೂ ಬುಟ್ಟಿಗಟ್ಟಲೆ ತಿಂದರೆ ಹೆಚ್ಚೇ ಆಗುತ್ತೆ.

ಒಂದು ಹಣ್ಣನ್ನು ಮಾತ್ರ ಕಿಡ್ನಿ ಕಾಯಿಲೆಯವರು ಮುಟ್ಟಲೇಬಾರದು. ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುವ ಹುಳಿ ಹಣ್ಣು. ಕೆಲವರು ದಾರೆಹುಳಿ ಅಂತಾರೆ. ಕೆಲವರು ಕಮರಾಕ್ಷಿ ಅಂತಾರೆ. ಇದರಲ್ಲಿ ಮಿದುಳಿಗೆ ಏರುವ ವಿಷದ ಅಂಶ ಇದೆ. ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತೆ. ಸೋತ ಕಿಡ್ನಿಗೆ ಆಗುವುದಿಲ್ಲ. ಬಿಡದ ಬಿಕ್ಕಳಿಕೆ, ಗಲಿಬಿಲಿ, ಫಿಟ್ಸ್ ಬರುತ್ತೆ. ಸಾವೂ ಆಗಿದೆ.

ಬಸ್ಸಾರು ಕಲಿಸುವ ಪಾಠ

ಪೊಟ್ಯಾಸಿಯಂಗೆ ಒಂದು ಗುಣ ಇದೆ. ಅದು ನೀರಿನಲ್ಲಿ ಕರಗುತ್ತೆ. ಸೊಪ್ಪು, ತರಕಾರಿ, ಕಾಳನ್ನು ನೀರಿನಲ್ಲಿ ಬೇಯಿಸಿದಾಗ ಅದು ನೀರಿಗೆ ಇಳಿಯುತ್ತೆ.

ಬಸ್ಸಾರು ಮಾಡುವುದು ಹೇಗೆ? ಸೊಪ್ಪು, ಕಾಳು ಬೇಯಿಸುತ್ತೇವೆ. ನೀರು ಬಸಿಯುತ್ತೇವೆ. ಬಸಿದ ನೀರಿಗೆ ಖಾರ ಹಾಕಿ ಸಾರು. ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಸತ್ವ ಎಲ್ಲ ಸಾರಿನಲ್ಲಿದೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅವರು ಹೇಳಿದ್ದು ಸರಿ. ಬಹಳಷ್ಟು ಪೊಟ್ಯಾಸಿಯಂ ಆ ಸಾರಿನಲ್ಲೇ ಇರುತ್ತೆ.

ಆದ್ದರಿಂದ ಆರೋಗ್ಯವಂತರಿಗೆ ಸಾರು ಒಳ್ಳೆಯದು. ಪೊಟ್ಯಾಸಿಯಂ ಏರಿದವರಿಗೆ ಸಾರು ಬೇಡ, ಪಲ್ಯ ಸ್ವಲ್ಪ ಸಾಕು.

ಒಬ್ಬಟ್ಟಿನ ಸಾರೂ ಹೀಗೇ. ಹುರುಳಿ ಕಟ್ಟಿನ ಸಾರೂ ಹೀಗೇ. ಕಾಳು ಬೇಳೆಯ ಪೊಟ್ಯಾಸಿಯಂ ಕಟ್ಟಿಗೆ ಇಳಿದಿರುತ್ತೆ. ಮಸ್ಸೊಪ್ಪಿನಲ್ಲಿ ನೀರು ಚೆಲ್ಲುವುದೇ ಇಲ್ಲ. ಎಲ್ಲವೂ ಪಾತ್ರೆಯಲ್ಲೇ ಉಳಿಯುತ್ತೆ.

ಕುಕ್ಕರಿನಲ್ಲಿ ಸ್ವಲ್ಪ ನೀರು ಹಾಕಿ ಬೇಯಿಸಿ, ಅದೇ ನೀರಿನ ಸಮೇತ ಬಡಿಸಿದರೆ ಪೊಟ್ಯಾಸಿಯಂ ಎಲ್ಲೂ ಹೋಗುವುದಿಲ್ಲ. ಹಬೆಯಲ್ಲಿ ಬೇಯಿಸಿದರೂ, ಎಣ್ಣೆಯಲ್ಲಿ ಹುರಿದರೂ ಹೋಗುವುದಿಲ್ಲ. ಬಸಿದು ಚೆಲ್ಲಿದರೆ ಮಾತ್ರ ಹೋಗುತ್ತೆ.

ಹೀಗೆ ಮಾಡಿ:

1. ಸಿಪ್ಪೆ ತೆಗೆಯಿರಿ. ಚಿಕ್ಕ ಚಿಕ್ಕದಾಗಿ ಹೆಚ್ಚಿ. ಹೋಳು ಸಣ್ಣದಾದಷ್ಟೂ ಪೊಟ್ಯಾಸಿಯಂ ಹೆಚ್ಚು ಹೊರಗೆ ಬರುತ್ತೆ.
2. ದೊಡ್ಡ ಪಾತ್ರೆಯಲ್ಲಿ ತುಂಬ ನೀರು ಇಡಿ. ಹೋಳು ತೇಲಾಡುವಷ್ಟು ನೀರು ಇರಲಿ.
3. ಕುದಿಸಿ, ಬೇಯಿಸಿ.
4. ನೀರು ಬಸಿದು ಚೆಲ್ಲಿ. ಅದನ್ನು ಸಾರಿಗೆ ಹಾಕಬೇಡಿ. ಹಿಟ್ಟು ಕಲೆಸಲೂ ಬೇಡ.
5. ಆಮೇಲೆ ಒಗ್ಗರಣೆ ಹಾಕಿ.

ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಹಾಕಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಸಾಲದು. ಅಮೆರಿಕದ ಇಬ್ಬರು ವಿಜ್ಞಾನಿಗಳು ಆಲೂಗಡ್ಡೆಯ ಮೇಲೆ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದರು. ತಣ್ಣೀರಿನಲ್ಲಿ ನೆನೆಹಾಕಿದ್ದರಿಂದ ಹೆಚ್ಚೇನೂ ಪ್ರಯೋಜನ ಆಗಲಿಲ್ಲ. ಹೋಳು ಮಾಡಿ ನೀರಿನಲ್ಲಿ ಕುದಿಸಿದಾಗ ಸುಮಾರು ಅರ್ಧ ಪೊಟ್ಯಾಸಿಯಂ ಹೋಯಿತು. ತುರಿದು ಕುದಿಸಿದಾಗ ಮುಕ್ಕಾಲು ಪಾಲು ಹೋಯಿತು.

ಹೋದದ್ದು ಅರ್ಧ, ಮುಕ್ಕಾಲು. ಪೂರ್ತಿ ಅಲ್ಲ. ಬಸಿದಿದ್ದೇವೆ ಅಂತ ತಟ್ಟೆ ತುಂಬ ಬಡಿಸಬಾರದು.

ಒಲೆ ಒಂದೇ, ಅಡುಗೆ ಒಂದೇ

"ದಿನಾ ಎರಡು ಅಡುಗೆ ಮಾಡಲು ನಮಗೆಲ್ಲಿ ಪುರುಸೊತ್ತು? ಕೂಲಿಗೆ ಹೋಗಬೇಡವಾ? ಸೌದೆ, ಗ್ಯಾಸು ಎಲ್ಲಿಂದ ತರೋಣ?" ಎಂದು ನೀವು ಕೇಳಬಹುದು. ನಿಜವಾದ ಮಾತು.

ಎರಡು ಅಡುಗೆ ಬೇಡ. ಒಂದೇ ಅಡುಗೆಯಲ್ಲಿ ದಾರಿ ಇದೆ.

ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯಿರಿ. ಕಾಯಿಲೆಯವರ ಪಾಲಿನ ಹೋಳನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡಿ. ಅದಕ್ಕೆ ಈರುಳ್ಳಿ, ಜೀರಿಗೆ, ಕರಿಬೇವಿನ ಒಗ್ಗರಣೆ ಹಾಕಿ. ಉಳಿದ ತರಕಾರಿಗೆ, ಬಸಿದ ನೀರಿಗೆ, ಬೇಳೆ, ಹುಣಸೆಹುಳಿ, ಕಾಯಿ ಹಾಕಿ ಮನೆಮಂದಿಗೆಲ್ಲ ಸಾರು ಮಾಡಿ. ಚೆಲ್ಲಿದ್ದು ಏನೂ ಇಲ್ಲ. ಕಾಯಿಲೆಯವರ ತಟ್ಟೆಗೆ ಬೀಳಬಾರದ್ದು ಬೀಳಲಿಲ್ಲ.

ಅವರಿಗೆ ಸಾರು ಬೇಕೇ ಬೇಕು ಅನಿಸಿದರೆ ಒಂದೆರಡು ಸೌಟು ತೆಳು ಮಜ್ಜಿಗೆ ಸಾರು ಕೊಡಬಹುದು. ಡಾಕ್ಟರು ಹಾಲು, ಮಜ್ಜಿಗೆ, ನೀರಿಗೂ ಅಳತೆ ಹೇಳಿದ್ದರೆ ಆ ಅಳತೆ ಮೀರಬೇಡಿ.

ರಾಗಿ ಮುದ್ದೆ ಬಿಡಬೇಕೇ?

ನಮ್ಮ ಕಡೆ ಮೊದಲು ಬರುವ ಪ್ರಶ್ನೆಯೇ ಇದು. ರಾಗಿಯಲ್ಲಿ ಪೊಟ್ಯಾಸಿಯಂ ಬಿಳಿ ಅಕ್ಕಿಗಿಂತ ಹೆಚ್ಚು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 400 ಮಿಲಿಗ್ರಾಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಸುಮಾರು 100 ಮಿಲಿಗ್ರಾಂ. ಮುದ್ದೆ ತೊಳಸುವಾಗ ನೀರು ಬಸಿಯುವುದೂ ಇಲ್ಲ.

ಹಾಗಂತ ನಾವಾಗಿಯೇ ರಾಗಿ ಬಿಡಿಸುವುದು ಬೇಡ. ಅಂಕಿ ಸರಿಯಾಗಿದ್ದರೆ ಮುದ್ದೆ ಉಣ್ಣಬಹುದು. ಅಂಕಿ ಏರಿದ್ದರೆ ಎರಡು ಹೊತ್ತಿನ ಬದಲು ಒಂದು ಹೊತ್ತು, ದೊಡ್ಡ ಮುದ್ದೆ ಬದಲು ಚಿಕ್ಕ ಮುದ್ದೆ, ಹೀಗೆ ಡಾಕ್ಟರನ್ನು ಕೇಳಿ ಇಳಿಸಬಹುದು. ಸಕ್ಕರೆ ಕಾಯಿಲೆಯೂ ಇದ್ದರೆ ಬರೀ ಅನ್ನಕ್ಕೆ ಬದಲಾಯಿಸುವ ಮುಂಚೆ ಕೇಳಲೇಬೇಕು. ಜೋಳದ ರೊಟ್ಟಿ ತಿನ್ನುವ ಕಡೆಯವರಿಗೂ ಇದೇ ಮಾತು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಸಕ್ಕರೆ ಒಮ್ಮೆಲೇ ಇಳಿದು ಬೆವರು, ನಡುಕ ಬಂದರೆ ಕಿತ್ತಳೆ ರಸ, ಎಳನೀರು ಕೊಡಬೇಡಿ. ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕೊಡಿ.

ಉಪ್ಪಿನ ಪೊಟ್ಟಣದ ಎಚ್ಚರಿಕೆ

ಅಂಗಡಿಯಲ್ಲಿ "ಲೋ ಸೋಡಿಯಂ ಉಪ್ಪು" ಎಂದು ಮಾರುತ್ತಾರೆ. ಬಿ.ಪಿ.ಗೆ ಒಳ್ಳೆಯದು ಎನ್ನುತ್ತಾರೆ. ಈ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಮಾಡಿ, ಅದರ ಜಾಗಕ್ಕೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ಸೇರಿಸಿರುತ್ತಾರೆ.

ಆರೋಗ್ಯವಂತರಿಗೆ ಅದರಿಂದ ಲಾಭ ಇರಬಹುದು. ಕಿಡ್ನಿ ಕಾಯಿಲೆಯವರಿಗೆ ಅದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಸಲಹೆ ಕೊಟ್ಟಿತು. ಆ ಸಲಹೆ ಕಿಡ್ನಿ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂದೂ ಹೇಳಿತು.

ಮಾಮೂಲಿ ಉಪ್ಪನ್ನೇ ತನ್ನಿ. ಅದನ್ನೇ ಕಡಿಮೆ ಹಾಕಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಿ. ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಓದಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಹಬ್ಬ, ಉಪವಾಸ, ನೆಂಟರ ಮನೆ

ಶಿವರಾತ್ರಿ, ಏಕಾದಶಿಗೆ ಉಪವಾಸ ಮಾಡುತ್ತೇವೆ. ಅನ್ನ ಬಿಟ್ಟು ಬಾಳೆಹಣ್ಣು, ಖರ್ಜೂರ, ಎಳನೀರು ತಗೊಳ್ತೀವಿ. ಕಿಡ್ನಿ ಸೋತವರಿಗೆ ಇದು ಎರಡು ಕಡೆಯ ಪೆಟ್ಟು. ಹಣ್ಣಿನಿಂದ ಪೊಟ್ಯಾಸಿಯಂ ಬರುವುದು ಒಂದು. ಬಹಳ ಹೊತ್ತು ಹಸಿದಿದ್ದರೆ ಮೈಯೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಇಳಿಯುವುದು ಇನ್ನೊಂದು.

ರಾಮನವಮಿಯ ಪಾನಕ, ಕೋಸಂಬರಿ, ಸಂಕ್ರಾಂತಿಯ ಎಳ್ಳು ಬೆಲ್ಲ, ಪೂಜೆಯ ರಸಾಯನ ಇವೂ ಹಾಗೇ. ಪ್ರಸಾದ ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿದರೆ ಸಾಕು. ದೇವರು ಅಳತೆ ಕೇಳುವುದಿಲ್ಲ. ಕಿಡ್ನಿ ಕೇಳುತ್ತೆ.

ಡಯಾಲಿಸಿಸ್ ಮಾಡಿಸುವವರು ಹೆಚ್ಚು ಎಚ್ಚರವಾಗಿರಬೇಕು. ಡಯಾಲಿಸಿಸ್ ಎಂದರೆ ಯಂತ್ರದಿಂದ ರಕ್ತ ಸೋಸುವುದು. ವಾರಕ್ಕೆ ಎರಡು ಮೂರು ಸಲ, ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತೆ. ಒಳ್ಳೆಯ ಕಿಡ್ನಿ ದಿನವೆಲ್ಲ ಸೋಸುತ್ತೆ. ಯಂತ್ರ ಆ ನಾಲ್ಕು ಗಂಟೆ ಮಾತ್ರ. ನಡುವಿನ ದಿನಗಳಲ್ಲಿ ತಿಂದದ್ದು ರಕ್ತದಲ್ಲೇ ನಿಲ್ಲುತ್ತೆ. ನಡುವೆ ಎರಡು ಮೂರು ದಿನ ಬಿಡುವು ಇರುವಾಗ ಅಪಾಯ ಹೆಚ್ಚು. ಆ ದಿನಗಳಲ್ಲೇ ಮದುವೆ ಊಟ ಬಂದರೆ ನೋಡಿ ಉಣ್ಣಬೇಕು. ಹಬ್ಬ, ಮದುವೆ, ಕೊಯ್ಲು ಎಂದು ಒಂದು ಸಲವೂ ಡಯಾಲಿಸಿಸ್ ತಪ್ಪಿಸಬಾರದು.

ಬಡವರಿಗೆ ಇದು ದುಬಾರಿ ಎಂದು ಸುಮ್ಮನಿರಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಕರ್ನಾಟಕದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಹಿಡಿದು ಹೋಗಿ ಕೇಳಿ. ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು.

ಊಟ ಒಂದೇ ಕಾರಣ ಅಲ್ಲ

ಅಂಕಿ ಏರಿದ ಕೂಡಲೇ "ಏನು ತಿಂದೆ?" ಎಂದು ಕಾಯಿಲೆಯವರನ್ನು ಬೈಯಬೇಡಿ. "ಏನು ಬಡಿಸಿದೆ?" ಎಂದು ಅಡುಗೆ ಮಾಡಿದವಳನ್ನೂ ಬೈಯಬೇಡಿ. ಬೇರೆ ಕಾರಣಗಳೂ ಇವೆ.

ಬಿ.ಪಿ.ಗೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಪೊಟ್ಯಾಸಿಯಂ ಏರುತ್ತೆ. ಆದರೆ ಅವು ಬೇಕಾದ ಮಾತ್ರೆಗಳು. ನಾವಾಗಿ ನಿಲ್ಲಿಸಬಾರದು. ಡಾಕ್ಟರೇ ನೋಡಿ ಬದಲಾಯಿಸಬೇಕು.

ನೋವಿನ ಮಾತ್ರೆಗಳಿಂದಲೂ ಏರುತ್ತೆ. ಸಕ್ಕರೆ ಹತೋಟಿ ತಪ್ಪಿದರೂ ಏರುತ್ತೆ. ನಾಲ್ಕು ದಿನ ಮಲ ಕಟ್ಟಿಕೊಂಡರೂ ಏರುತ್ತೆ.

ಕಲ್ಲು ಕರಗುತ್ತೆ ಎಂದು ಬಾಳೆದಿಂಡಿನ ರಸ ಕುಡಿಸುವ ರೂಢಿ ಇದೆ. ಅದರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸೋತವರಿಗೆ ಅದು ಬೇಡ. ಏನು ಹಾಕಿದ್ದಾರೆ ಎಂದು ಗೊತ್ತಿಲ್ಲದ ಬೇರಿನ ಕಷಾಯ, ಪುಡಿ, ಭಸ್ಮಗಳೂ ಬೇಡ.

ಅಪಾಯದ ಸೂಚನೆ

ಪೊಟ್ಯಾಸಿಯಂ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದಕ್ಕೇ ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಬೇಕು. "ಆರಾಮಾಗಿದ್ದೀನಿ, ಯಾಕೆ?" ಎನ್ನಬಾರದು.

ಕೆಲವೊಮ್ಮೆ ಈ ಸೂಚನೆಗಳು ಕಾಣುತ್ತವೆ:

ಕೈಕಾಲಿನಲ್ಲಿ ಬಲ ಇಲ್ಲ, ಏಳಲು ಆಗುತ್ತಿಲ್ಲ.
ಕೈಕಾಲು, ಬಾಯಿಯ ಸುತ್ತ ಜುಮ್ಮೆನ್ನುತ್ತೆ.
ಎದೆ ಡವಡವ ಎನ್ನುತ್ತೆ, ಅಥವಾ ತಾಳ ತಪ್ಪಿ ನಿಧಾನವಾಗಿ ಬಡಿಯುತ್ತೆ.
ಉಸಿರು ಕಟ್ಟುತ್ತೆ, ತಲೆ ಸುತ್ತಿ ಬೀಳುವ ಹಾಗಾಗುತ್ತೆ.

ಕಿಡ್ನಿ ಕಾಯಿಲೆಯವರಿಗೆ ಇವು ಕಂಡರೆ ಸುಸ್ತಾಗಿದೆ ಅಂತ ಎಳನೀರು ಕುಡಿಸಿ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಇವರಿಗೆ ಕಿಡ್ನಿ ಕಾಯಿಲೆ ಇದೆ, ಪೊಟ್ಯಾಸಿಯಂ ನೋಡಿ" ಎಂದು ಮೊದಲೇ ಹೇಳಿ. ಅಲ್ಲಿ ಹೃದಯದ ಇ.ಸಿ.ಜಿ. ತೆಗೆಯುತ್ತಾರೆ. ರಕ್ತ ನೋಡುತ್ತಾರೆ. ಇಂಜೆಕ್ಷನ್ ಕೊಟ್ಟು, ಬೇಕಾದರೆ ಡಯಾಲಿಸಿಸ್ ಮಾಡಿ ಜೀವ ಉಳಿಸುತ್ತಾರೆ. ಹೊತ್ತಿಗೆ ಸರಿಯಾಗಿ ಹೋದರೆ ಇದಕ್ಕೆ ಚಿಕಿತ್ಸೆ ಇದೆ.

ಕಾಯಿಲೆ ಮನೆಯಾಕೆಗೇ ಬಂದರೆ?

ಗಂಡನಿಗೆ ಕಾಯಿಲೆ ಬಂದರೆ ಹೆಂಡತಿ ಬಸಿದು ಬೇಯಿಸುತ್ತಾಳೆ. ಮಗನಿಗೆ ಬಂದರೆ ತಾಯಿ ಲೆಕ್ಕ ಹಾಕಿ ಬಡಿಸುತ್ತಾಳೆ. ಅವಳಿಗೇ ಬಂದರೆ?

ಎಲ್ಲರೂ ಉಂಡ ಮೇಲೆ ಅವಳು ಕೂರುತ್ತಾಳೆ. ಹೋಳೆಲ್ಲ ಖಾಲಿ ಆಗಿರುತ್ತೆ. ತಳದಲ್ಲಿ ಸಾರು ಉಳಿದಿರುತ್ತೆ. ಅದನ್ನೇ ಸುರಿದುಕೊಂಡು ಉಣ್ಣುತ್ತಾಳೆ. ಚೆಲ್ಲಲು ಮನಸ್ಸು ಬರುವುದಿಲ್ಲ. "ನನ್ನೊಬ್ಬಳಿಗೋಸ್ಕರ ಯಾಕೆ ಬೇರೆ?" ಎನ್ನುತ್ತಾಳೆ. ಬಹಳಷ್ಟು ಪೊಟ್ಯಾಸಿಯಂ ಆ ಸಾರಿನಲ್ಲೇ ಇರುತ್ತೆ!

ಅಕ್ಕ ತಂಗಿಯರೇ, ಇದು ಬದಲಾಗಬೇಕು. ಕಾಯಿಲೆ ಇರುವವಳು ನೀವೇ ಆದರೆ ನಿಮ್ಮ ಬಟ್ಟಲನ್ನು ಮೊದಲು ತೆಗೆದಿಡಿ. ಸಾರು ಕೂಡಿಸುವ ಮುಂಚೆಯೇ ತೆಗೆದಿಡಿ. ಅದು ಆಸೆಬುರುಕತನ ಅಲ್ಲ. ಅದು ಔಷಧಿ. ಮಾತ್ರೆಯನ್ನು ಯಾರಿಗೂ ಹಂಚುವುದಿಲ್ಲ ತಾನೆ? ಹಾಗೇ ಇದು.

ಅತ್ತೆ, ಸೊಸೆ, ಮಗಳು ಯಾರೇ ಬಡಿಸಲಿ, ಅವರಿಗೆಲ್ಲ ಈ ಪಾಠ ಓದಿ ಹೇಳಿ. ಗಂಡಸರಿಗೂ ಓದಿ ಹೇಳಿ. ನೀರು ಬಸಿಯಲು ಅವರಿಗೂ ಬರುತ್ತೆ.

ನೆನಪಿಡೋಣ

1. ಪೊಟ್ಯಾಸಿಯಂ ಕೆಟ್ಟದ್ದಲ್ಲ. ಕಿಡ್ನಿ ಸೋತಾಗ ಅದು ರಕ್ತದಲ್ಲಿ ನಿಲ್ಲುತ್ತೆ.
2. ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಅಂಕಿಯನ್ನು ನಾವೇ ಓದಿ ಬರೆದಿಡೋಣ.
3. ಅಂಕಿ ಏರಿದವರಿಗೆ ಎಳನೀರು, ಬಾಳೆಹಣ್ಣು, ಹಣ್ಣಿನ ರಸ, ಸೊಪ್ಪಿನ ಸಾರು ಬೇಡ.
4. ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ಬಸಿಯೋಣ. ಹೋಳು ಅವರಿಗೆ, ಸಾರು ಆರೋಗ್ಯವಂತರಿಗೆ.
5. ಲೋ ಸೋಡಿಯಂ ಉಪ್ಪು ಬೇಡ. ದಾರೆಹುಳಿ ಬೇಡವೇ ಬೇಡ.
6. ಮಾತ್ರೆಯನ್ನು ನಾವಾಗಿ ನಿಲ್ಲಿಸಬಾರದು. ಡಯಾಲಿಸಿಸ್ ತಪ್ಪಿಸಬಾರದು.
7. ಮೈ ಬಲ ಕುಂದಿ, ಎದೆ ಬಡಿತ ತಪ್ಪಿದರೆ 108.

ಕೂಡಿ ಮಾತಾಡೋಣ

ನಮ್ಮ ಊರಿನಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಎಷ್ಟು ಜನ? ಅವರಲ್ಲಿ ಎಷ್ಟು ಜನ ಈ ವರ್ಷ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ್ದಾರೆ?

ನಮ್ಮ ಮನೆಯಲ್ಲಿ ನಿನ್ನೆ ಮಾಡಿದ ಅಡುಗೆ ಯಾವುದು? ಅದರಲ್ಲಿ ಬಸಿದ ನೀರು ಎಲ್ಲಿಗೆ ಹೋಯಿತು?

ಆಸ್ಪತ್ರೆಗೆ ಕಿಡ್ನಿ ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣಿನ ಬದಲು ಏನು ಒಯ್ಯಬಹುದು? "ಅವರಿಗೆ ಏನು ಕೊಡಬಹುದು?" ಎಂದು ಮೊದಲು ಅವರ ಮನೆಯವರನ್ನು ಕೇಳಿ. ಉತ್ತರವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ.